ಶುಗರ್ ಎಷ್ಟು ಅಂತ ಕೇಳ್ತೀವಿ, ಕಿಡ್ನಿ ಹೇಗಿದೆ ಅಂತ?

ನಮ್ಮನೆಯಲ್ಲಿ ‘ಶುಗರ್ ಎಷ್ಟಿದೆ?’ ಅನ್ನೋದು ‘ಊಟ ಆಯ್ತಾ?’ ಅನ್ನುವಷ್ಟೇ ಮಾಮೂಲಿ ಪ್ರಶ್ನೆ. ಅಪ್ಪನಿಗೆ ಸಕ್ಕರೆ ಕಾಯಿಲೆ ಶುರುವಾಗಿ 9 ವರ್ಷ. ತಿಪಟೂರಿನಿಂದ ಫೋನ್ ಮಾಡಿದಾಗೆಲ್ಲ ಫಾಸ್ಟಿಂಗ್ ಎಷ್ಟು, ಊಟ ಆದ್ಮೇಲೆ ಎಷ್ಟು ಅಂತ ವರದಿ ಒಪ್ಪಿಸ್ತಾರೆ. ಮೂತ್ರದ ಮಾತು ಮಾತ್ರ ಬರಲ್ಲ. ಮಗಳ ಹತ್ರ ಅದನ್ನ ಹೇಗೆ ಎತ್ತೋದು ಅನ್ನೋ ಸಂಕೋಚ.

ಈ ವರ್ಷ ಡಾಕ್ಟರು ಮೂತ್ರದ ‘ಎಸಿಆರ್’ ಟೆಸ್ಟ್ ಬರೆದುಕೊಟ್ಟರು. “ಕ್ರಿಯಾಟಿನಿನ್ ನಾರ್ಮಲ್ ಇದೆಯಲ್ಲ ಡಾಕ್ಟ್ರೇ, ಇದ್ಯಾಕೆ ದುಡ್ಡು ದಂಡ?” ಅಂದ್ರು ಅಪ್ಪ.

“ಕಾಫಿ ಸೋಸೋ ಬಟ್ಟೆ ಸವೆದ್ರೆ ಏನಾಗುತ್ತೆ ಯಜಮಾನ್ರೇ? ಚರಟ ಲೋಟಕ್ಕೆ ಇಳಿಯುತ್ತೆ ಅಲ್ವಾ? ಇದೂ ಹಾಗೇ.”

ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಪುಟ್ಟ ಸೋಸುಕಗಳಿವೆ. ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನನ್ನು ಅವು ಒಳಗೇ ಉಳಿಸಿಕೊಳ್ಳಬೇಕು. ವರ್ಷಗಟ್ಟಲೆ ಶುಗರ್ ಹೆಚ್ಚಿದ್ದರೆ ಅವು ಹಾಳಾಗಿ, ಆಲ್ಬುಮಿನ್ ಮೂತ್ರಕ್ಕೆ ಸೋರುತ್ತದೆ. ಆಗ ನೋವಿಲ್ಲ, ಕಾಲು ಊದುವುದಿಲ್ಲ. ರಕ್ತದಲ್ಲಿ ಕ್ರಿಯಾಟಿನಿನ್ ಏರುವಷ್ಟರಲ್ಲಿ ಕಿಡ್ನಿ ಸಾಕಷ್ಟು ಶಕ್ತಿ ಕಳೆದುಕೊಂಡಿರಬಹುದು. ಮಾಮೂಲಿ ಮೂತ್ರ ಪರೀಕ್ಷೆಯ ಪಟ್ಟಿಗೂ ಇಷ್ಟು ಸಣ್ಣ ಸೋರಿಕೆ ಸಿಗದೇ ಹೋಗಬಹುದು. ಎಸಿಆರ್ ಹಿಡಿಯುವುದು ಇದನ್ನೇ: ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಎಷ್ಟು ಮಿಲಿಗ್ರಾಂ ಆಲ್ಬುಮಿನ್ ಹೋಗುತ್ತಿದೆ ಎಂಬ ಲೆಕ್ಕ. 30ಕ್ಕಿಂತ ಕಡಿಮೆ ಇದ್ದರೆ ಸರಿ. 30ರಿಂದ 300 ಎಚ್ಚರಿಕೆಯ ಗಂಟೆ. 300 ದಾಟಿದರೆ ಸೋರಿಕೆ ತೀವ್ರ.

ಅಪ್ಪನದು 86 ಬಂತು.

ಅವತ್ತು ರಾತ್ರಿ ಅಮ್ಮ ಡಯಾಲಿಸಿಸ್ ತನಕ ಯೋಚನೆ ಮಾಡಿಬಿಟ್ಟಿದ್ದಳು. ಡಾಕ್ಟರು ಮಾತ್ರ ಅವಸರ ಮಾಡಲಿಲ್ಲ. ಜ್ವರ, ಮೂತ್ರದ ಸೋಂಕು, ಹಿಂದಿನ ದಿನದ ಜೋರು ವ್ಯಾಯಾಮ ಇದ್ದರೂ ಈ ಸಂಖ್ಯೆ ಏರಬಹುದಂತೆ. ಅದಕ್ಕೇ 3ರಿಂದ 6 ತಿಂಗಳೊಳಗೆ ಮೂರು ಸಲ ನೋಡಿ, ಎರಡರಲ್ಲಾದರೂ ಹೆಚ್ಚಿದ್ದರೆ ಮಾತ್ರ ಖಾತ್ರಿ ಮಾಡುತ್ತಾರೆ. ಎರಡನೇ ಸಲವೂ 78 ಬಂತು. ಕಿಡ್ನಿಯನ್ನೂ ಕಾಪಾಡುವ ಬಿಪಿ ಮಾತ್ರೆ ಶುರುವಾಯಿತು. ಉಪ್ಪು ಕಮ್ಮಿಯಾಯಿತು. ಉಪ್ಪಿನಕಾಯಿ ಜಾಡಿ ಅಟ್ಟ ಸೇರಿತು, ಅಪ್ಪನ ಮುನಿಸಿನ ಸಮೇತ.

ಈ ಹಂತದಲ್ಲಿ ಸಿಕ್ಕರೆ ಹಾನಿಯನ್ನು ನಿಧಾನಗೊಳಿಸಬಹುದು, ಕೆಲವರಲ್ಲಿ ಸೋರಿಕೆ ಇಳಿಯುವುದೂ ಉಂಟು ಅನ್ನೋದೇ ನಮಗೀಗ ಧೈರ್ಯ.

ಟೈಪ್ 2 ಇರುವವರಿಗೆ ಕಾಯಿಲೆ ಗೊತ್ತಾದ ದಿನದಿಂದಲೇ, ಟೈಪ್ 1 ಆದರೆ 5 ವರ್ಷದ ನಂತರ, ವರ್ಷಕ್ಕೊಮ್ಮೆ ಈ ಪರೀಕ್ಷೆ ಬೇಕು. ನಿಮ್ಮ ಅಪ್ಪ-ಅಮ್ಮನ ಹಳೇ ರಿಪೋರ್ಟ್‌ಗಳು ನಿಮ್ಮ ವಾಟ್ಸ್ಯಾಪ್‌ನಲ್ಲೇ ಇರುತ್ತವಲ್ಲ? ಅದರಲ್ಲಿ ಎಸಿಆರ್ ಇದೆಯಾ, ಇವತ್ತೇ ಒಮ್ಮೆ ನೋಡಿ.