ಬೀದಿಯ ಸ್ವಭಾವೋಕ್ತಿ

ಅಲಂಕಾರಶಾಸ್ತ್ರದಲ್ಲಿ ಸ್ವಭಾವೋಕ್ತಿಯ ಸ್ಥಾನ ಮೊದಲಿನಿಂದಲೂ ವಿವಾದಕ್ಕೆ ಒಳಗಾದುದು. ವಸ್ತುವನ್ನು ಇದ್ದಂತೆಯೇ ಹೇಳಿಬಿಟ್ಟರೆ ಅದರಲ್ಲಿ ಕಾವ್ಯವೆಲ್ಲಿ ಉಳಿಯಿತು ಎಂಬುದು ವಕ್ರೋಕ್ತಿಯ ಪಕ್ಷದವರ ಆಕ್ಷೇಪ. ಭಾಮಹನು ಅದನ್ನು ಕೆಲವರು ಒಪ್ಪುವ ಅಲಂಕಾರವೆಂದಷ್ಟೇ ಹೇಳಿ ಮುಂದೆ ಸಾಗುತ್ತಾನೆ. ದಂಡಿಯಾದರೋ 'ಜಾತಿ' ಎಂಬ ಮತ್ತೊಂದು ಹೆಸರಿನೊಡನೆ ಅದಕ್ಕೆ ಅರ್ಥಾಲಂಕಾರಗಳ ಸಾಲಿನಲ್ಲಿ ಮೊದಲ ಸ್ಥಾನವನ್ನೇ ಕೊಡುತ್ತಾನೆ. ಕವಿರಾಜಮಾರ್ಗದಲ್ಲಿಯೂ ಜಾತಿಗೆ ಎಡೆಯಿದೆ. ಬೀದಿಯ ಛಾಯಾಗ್ರಹಣವನ್ನು ಕುರಿತು ಇಂದು ಕೇಳಿಬರುವ ಆಕ್ಷೇಪ ಈ ಹಳೆಯ ಜಗಳದ ಮುಂದುವರಿಕೆಯೇ ಆಗಿದೆ. ಎದುರಿಗಿದ್ದುದನ್ನು ಯಂತ್ರ ಹಿಡಿಯಿತು, ಅದರಲ್ಲಿ ಹಿಡಿದವನ ಪಾಲೇನು?

ಉತ್ತರ ಬೇಕಾದವರು ಯಶವಂತಪುರದ ಎಪಿಎಂಸಿ ಪ್ರಾಂಗಣಕ್ಕೆ, ಜನರ ಬಾಯಿಯ 'ಯಾರ್ಡ್'ಗೆ, ಬೆಳಗಿನ ಹೊತ್ತು ಹೋಗಿ ನೋಡಬಹುದು. ಲಾರಿಗಳಿಂದ ಈರುಳ್ಳಿ ಮೂಟೆಗಳು ಇಳಿಯುತ್ತಿರುತ್ತವೆ. ಕೈಯಲ್ಲಿ ಕ್ಯಾಮೆರಾ ಹಿಡಿದು ಬಂದ ಹೊಸಬನು ಹಮಾಲಿಗಳ ಹಿಂದೆ ಓಡಾಡುತ್ತಾನೆ. ಪಳಗಿದವನು ಓಡುವುದಿಲ್ಲ. ಎರಡು ಮಳಿಗೆಗಳ ನಡುವೆ ಓರೆಯಾಗಿ ಬಿಸಿಲು ಬೀಳುವ ಒಂದು ಜಾಗವನ್ನು ಮೊದಲು ಆರಿಸಿಕೊಳ್ಳುತ್ತಾನೆ. ಹಿನ್ನೆಲೆಯನ್ನು ಅಳೆದುಕೊಂಡು, 28 ಅಥವಾ 35 ಮಿ.ಮೀ. ಮಸೂರವನ್ನು ಎಂಟು ಹತ್ತು ಅಡಿಗಳ ದೂರಕ್ಕೆ ಮೊದಲೇ ಹೊಂದಿಸಿ, ಬೆಳಕಿನ ದ್ವಾರವನ್ನು ಕಿರಿದಾಗಿಸಿ, ಷಟರಿನ ವೇಗವನ್ನು ಸೆಕೆಂಡಿನ 250ನೆಯ ಒಂದು ಭಾಗಕ್ಕೋ ಅದಕ್ಕಿಂತ ಹೆಚ್ಚಿಗೋ ಇಟ್ಟು ನಿಂತುಬಿಡುತ್ತಾನೆ. ರಂಗ ಸಿದ್ಧವಾಯಿತು, ಪಾತ್ರ ತಾನಾಗಿ ಬರಬೇಕು. ಮೂಟೆ ಲಾರಿಯ ಅಂಚನ್ನು ಬಿಟ್ಟು ಬೆನ್ನಿಗೆ ತಗಲುವ ಮೊದಲಿನ ಕ್ಷಣದಲ್ಲಿ ಹಮಾಲಿಯ ಮುಖ ಬೇರೆಯಾಗಿರುತ್ತದೆ. ಭಾರ ಬೆನ್ನಿಗೆ ಕುಳಿತ ಮೇಲೆ ಅದು ದಿನವೂ ಕಾಣುವ ದುಡಿಮೆಯ ಮುಖ. ಆ ಮೊದಲಿನ ಅಳುಕು, ಲೆಕ್ಕಾಚಾರ, ಉಸಿರು ಕಟ್ಟಿ ನಿಂತ ಏಕಾಗ್ರತೆ ಸಂಚಾರಿ ಭಾವಗಳು. ಭರತನು ಅಂಥವನ್ನು 33 ಎಂದು ಎಣಿಸಿದ್ದಾನೆ; ಯಾರ್ಡಿನಲ್ಲಿ ನಿಂತವನಿಗೆ ಆ ಪಟ್ಟಿ ಚಿಕ್ಕದೆನಿಸಿದರೆ ಆಶ್ಚರ್ಯವಿಲ್ಲ.

ಈ ಮಾರ್ಗದ ಆಚಾರ್ಯನೆಂದು ಪ್ರಸಿದ್ಧನಾದ ಹೆನ್ರಿ ಕಾರ್ಟಿಯೆ-ಬ್ರೆಸೋನನ ಗ್ರಂಥ 1952ರಲ್ಲಿ ಪ್ರಕಟವಾಯಿತು. ಅದರ ಇಂಗ್ಲಿಷ್ ಹೆಸರು 'ನಿರ್ಣಾಯಕ ಕ್ಷಣ' ಎಂಬ ಅರ್ಥದ್ದು. ಅದೇ ಮಂತ್ರವಾಗಿ, ಕಲಿಯುವವರ ತಲೆ ಕೆಡಿಸಿದೆ. ಫ್ರೆಂಚ್ ಶೀರ್ಷಿಕೆಯ ಧ್ವನಿಯೇ ಬೇರೆ. ಅದರಲ್ಲಿ ಬರುವ 'ಆ ಲಾ ಸೊವೆತ್' ಎಂಬ ಮಾತನ್ನು ಪರವಾನಗಿ ಇಲ್ಲದೆ ಬೀದಿಯಲ್ಲಿ ಸರಕು ಹರವಿ, ಪೊಲೀಸರ ಸುಳಿವು ಸಿಕ್ಕೊಡನೆ ಗಂಟು ಕಟ್ಟಿ ಓಡುವ ವ್ಯಾಪಾರಿಯ ಬಗೆಗೂ ಬಳಸುತ್ತಾರೆ. ಆತುರದಲ್ಲಿ, ಕಣ್ಣುತಪ್ಪಿಸಿ ಮಾಡಿದ ಕೆಲಸವೆಂಬ ಭಾವ ಅದರದು. 1932ರಲ್ಲಿ ಪ್ಯಾರಿಸಿನ ಸಾಂ-ಲಝಾರ್ ನಿಲ್ದಾಣದ ಹಿಂದೆ, ನಿಂತ ನೀರಿನ ಮೇಲೆ ಜಿಗಿಯುತ್ತಿರುವವನ ಆ ಸುಪ್ರಸಿದ್ಧ ಚಿತ್ರವನ್ನು ಅವನು ತೆಗೆದದ್ದು ಬೇಲಿಯ ಹಲಗೆಗಳ ಸಂದಿನಿಂದ. ಕ್ಷಣವನ್ನು ಗೆದ್ದ ವೀರನ ಭಂಗಿಗಿಂತ ಕದ್ದು ನೋಡುವವನ ಭಂಗಿಯೇ ಈ ಕಲೆಗೆ ಹತ್ತಿರದ್ದು. ಅದರ ನೈತಿಕ ತೊಡಕು ಕೂಡ ಅಲ್ಲಿಯೇ ಹುಟ್ಟುತ್ತದೆ.

ನಮ್ಮಲ್ಲಿ ಈ ತೊಡಕನ್ನು ತಮ್ಮ ರೀತಿಯಲ್ಲಿ ದಾಟಿದವರು ಮೈಸೂರಿನ ಟಿ. ಎಸ್. ಸತ್ಯನ್ (1923–2009). 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಡೆಕ್ಕನ್ ಹೆರಾಲ್ಡಿನಲ್ಲಿ ದುಡಿದ ಅವರು ಮುಂದೆ 'ಲೈಫ್'ನಂತಹ ಪತ್ರಿಕೆಗಳಿಗೂ ಚಿತ್ರ ಒದಗಿಸಿದರು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಅವರ ಚಿತ್ರಗಳ ಜನ ಸೆರೆಸಿಕ್ಕವರಂತೆ ಕಾಣುವುದಿಲ್ಲ. ಬಡತನವಿದ್ದಲ್ಲಿಯೂ ದೈನ್ಯವನ್ನು ಅವರು ಹುಡುಕಲಿಲ್ಲ. ಜಾತಿ ಎಂಬ ಅಲಂಕಾರಕ್ಕೆ ಕನ್ನಡ ನಾಡಿನಿಂದ ದೃಶ್ಯೋದಾಹರಣೆ ಬೇಕೆಂದರೆ ಸತ್ಯನ್ನರ ಮಕ್ಕಳನ್ನು ತೋರಿಸಿದರೆ ಸಾಕು.

ಯಶವಂತಪುರದಿಂದ ಹೆಬ್ಬಾಳ ದೂರವೇನಲ್ಲ. ಅಲ್ಲಿ 2018ರಲ್ಲಿ ಬೆಳಕಿಗೆ ಬಂದ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಪೆರ್ಬೊಳಲ್ನಾಡಿನ ಕಾಳಗದಲ್ಲಿ ಮಡಿದ ಕಿತ್ತಯ್ಯನ ಸ್ಮಾರಕವದು. ಅದೂ ಒಂದು ಕ್ಷಣವನ್ನು ಹಿಡಿದಿಟ್ಟ ಪ್ರಯತ್ನವೇ. ಆದರೆ ವೀರಗಲ್ಲುಗಳ ವಾಡಿಕೆಯಂತೆ ಅಲ್ಲಿರುವುದು ವೀರನೊಬ್ಬನ ಆಕೃತಿ. ಕಿತ್ತಯ್ಯ ನೋಡಲು ಹೇಗಿದ್ದನೆಂದು ಕಲ್ಲು ಹೇಳದು. ಹೆಸರು ಮಾತ್ರ ಹನ್ನೆರಡು ಶತಮಾನಗಳನ್ನು ದಾಟಿ ಬಂದಿದೆ. ಇಂದು ಅದೇ ಹೆಬ್ಬಾಳದ ಮೇಲ್ಸೇತುವೆಯ ಕೆಳಗೆ, ಯಲಹಂಕದ ಬಸ್ಸಿಗಾಗಿ ಕಾಯುವ ಜನಜಂಗುಳಿಯಲ್ಲಿ ತೆಗೆದ ಚಿತ್ರದ ಪಾಡು ಇದಕ್ಕೆ ತದ್ವಿರುದ್ಧವಾದುದು. ನಿದ್ದೆಗಣ್ಣಿನ ಕೂಲಿ ಹೆಂಗಸಿನ ಹಣೆಯ ಗೆರೆ, ಟಿಫಿನ್ ಡಬ್ಬಿಯ ನಗ್ಗು, ಸೆರಗಿನ ಹೊಲಿಗೆ ಎಲ್ಲವೂ ಅದರಲ್ಲಿ ಸ್ಪಷ್ಟ. ಆದರೆ ಅವಳು ಯಾರು? ಚಿತ್ರದ ಕೆಳಗೆ ಛಾಯಾಗ್ರಾಹಕನ ಹೆಸರಿದೆ, ಅವಳದಿಲ್ಲ. ಊಳಿಗದಲ್ಲಿ ಸತ್ತವನಿಗೆ ಗಂಗರ ಕಾಲದವರು ಸಲ್ಲಿಸಿದ ಮರ್ಯಾದೆಯನ್ನು ದುಡಿದು ಬದುಕುವವಳಿಗೆ ನಮ್ಮ ಕಾಲ ಸಲ್ಲಿಸಿಲ್ಲ.

ಎಲ್ಲರನ್ನೂ ಕೇಳಿಯೇ ಚಿತ್ರ ತೆಗೆಯಬೇಕೆಂದರೆ ಸ್ವಭಾವ ಹಾರಿಹೋಗಿ ಭಂಗಿಯಷ್ಟೇ ಉಳಿದೀತು, ನಿಜ. ಆದರೆ ತೆಗೆದ ಮೇಲೆ ಕೇಳುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಬೇಡವೆಂದವರ ಚಿತ್ರವನ್ನು ಅಳಿಸಿಹಾಕುವುದಕ್ಕೂ ಇಲ್ಲ. ತೇದಿಯಿಲ್ಲದ ಶಾಸನಕ್ಕೆ ಲಿಪಿಯನ್ನು ನೋಡಿ ಕಾಲ ನಿರ್ಣಯಿಸುವಂತೆ, ಮುಂದಿನ ಸಂಶೋಧಕರು ಇಂತಹ ಚಿತ್ರಗಳ ಕಾಲವನ್ನು ಹೇಗೋ ಕಂಡುಕೊಂಡಾರು. ಯಶವಂತಪುರದ ಚಿತ್ರದ ಹಿನ್ನೆಲೆಯಲ್ಲಿ ಮೆಟ್ರೊ ರೈಲು ಓಡುತ್ತಿದ್ದರೆ ಅದು 2014ರ ಈಚಿನದೆಂದು ಯಾರಾದರೂ ಹೇಳಬಲ್ಲರು. ಹಮಾಲಿಯ ಹೆಸರನ್ನು ಮಾತ್ರ ಅಂದೇ, ಮೂಟೆ ಇಳಿಸಿ ಅವನು ಬೆವರು ಒರೆಸಿಕೊಳ್ಳುವಾಗ ಹತ್ತಿರ ಹೋಗಿ, ಕೇಳಿ ಬರೆದುಕೊಳ್ಳಬೇಕು.