ಗುಂಡಿಲ್ಲದ ಬಂದೂಕು

ಹಳೆಯ ಸಾಮಾನು ಕೂಡಿಸುವವರಲ್ಲಿ ಎರಡು ಬಗೆ. ನಾಣ್ಯ, ಅಂಚೆಚೀಟಿ, ಹಿತ್ತಾಳೆಯ ದೀಪ ಕೂಡಿಸುವವರು ಪುಣ್ಯವಂತರು. ಅವರ ಸಾಮಾನು ಕಪಾಟಿನಲ್ಲಿ ಸುಮ್ಮನೆ ಕೂತಿರುತ್ತದೆ. ಕರೆಂಟ್ ಕೇಳುವುದಿಲ್ಲ, ವೈರ್ ಕೇಳುವುದಿಲ್ಲ. ನಾನು ಎರಡನೆಯ ಬಗೆಯವನು. ನಾನು ಕೂಡಿಸುವುದು ಹಳೆಯ ವಿಡಿಯೊ ಗೇಮ್ ಪೆಟ್ಟಿಗೆಗಳನ್ನು. ಅವು ನಡೆದರೆ ಆಟ, ನಡೆಯದಿದ್ದರೆ ಬರೀ ಪ್ಲಾಸ್ಟಿಕ್ ಡಬ್ಬಿ. ಅದರಲ್ಲೂ ಪೆಟ್ಟಿಗೆಗೆ ಹಚ್ಚುವ ಜೋಡು ಸಾಮಾನು ಕೊಂಡಿರೋ, ಮುಗಿಯಿತು. ಒಬ್ಬನನ್ನು ಊಟಕ್ಕೆ ಕರೆದರೆ ಅವನ ಹಿಂದೆ ಬಳಗವೆಲ್ಲ ಬಂದು ಪಂಕ್ತಿಯಲ್ಲಿ ಕೂತಂತೆ.

ನಾನು ಕೊಂಡದ್ದು ಒಂದು ಬಂದೂಕು. ಹೆದರಬೇಡಿ, ಟಿವಿ ಗೇಮಿನ ಬಂದೂಕು. ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಸಂತೆಯಲ್ಲಿ, ಹಳೆಯ ಚಾರ್ಜರುಗಳ ಗುಡ್ಡೆಯ ಕೆಳಗಿನಿಂದ ಅದರ ಮೂತಿ ಕಾಣಿಸುತ್ತಿತ್ತು. ಅಂಗಡಿಯವ 400 ರೂಪಾಯಿ ಹೇಳಿ 250ಕ್ಕೆ ಕೊಟ್ಟ. ಇಂಥದ್ದನ್ನು ಕೊಳ್ಳುವಾಗ ಮೂರು ಸಂಗತಿ ನೋಡಬೇಕು. ಮೊದಲನೆಯದು ತುದಿಯ ಪ್ಲಗ್. ಕೆಲವು ಪೆಟ್ಟಿಗೆಗಳಿಗೆ 15 ಪಿನ್ನಿನದು ಬೇಕು, ಕೆಲವಕ್ಕೆ 9 ಪಿನ್ನಿನದು. ಒಂದರದು ಇನ್ನೊಂದಕ್ಕೆ ಹೊಂದುವುದಿಲ್ಲ. ಎರಡನೆಯದು ನಳಿಗೆಯೊಳಗಿನ ಗಾಜು. ಅದಕ್ಕೆ ಬೂಷ್ಟು ಹಿಡಿದಿರಬಾರದು. ಮೂರನೆಯದು ಕುದುರೆ. ಎಳೆದಾಗ ಒಳಗೆ 'ಟಿಕ್' ಅನ್ನಬೇಕು. ನನ್ನದು 15 ಪಿನ್ನಿನದು, ಗಾಜು ಸ್ವಚ್ಛ, ಟಿಕ್ ಗಟ್ಟಿ. ಟವೆಲಿನಲ್ಲಿ ಸುತ್ತಿ ಚೀಲದ ತಳಕ್ಕೆ ಹಾಕಿಕೊಂಡು ರಾತ್ರಿ ಬಸ್ಸು ಹತ್ತಿದೆ. ಬೂದು ಬಣ್ಣದ ಆ ಬಂದೂಕು ಕಂಡಕ್ಟರರ ಕಣ್ಣಿಗೆ ಬಿದ್ದರೆ ವಿವರಿಸುವಷ್ಟು ಹಿಂದಿನ ಕಥೆ ಚಿಕ್ಕದಲ್ಲ.

ಆ ಕಥೆ ಶುರುವಾಗುವುದು ನಮ್ಮ ನಾರಾಯಣಪುರದಲ್ಲೇ. ಕೃಷ್ಣೆಗೆ ಅಡ್ಡವಾಗಿ 10 ಕಿಲೋಮೀಟರಿಗೂ ಉದ್ದದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿಯಿತು. ಅಣೆಕಟ್ಟಿನ ಜೊತೆಗೆ ಊರಿಗೆ ಕ್ಯಾಂಪ್ ಬಂತು, ಕ್ಯಾಂಪಿನ ಕ್ವಾರ್ಟರ್ಸುಗಳಿಗೆ ದೂರದೂರಿನ ಸಂಸಾರಗಳು ಬಂದವು. ನಾನು ಹುಡುಗನಾಗಿದ್ದಾಗ ಮೊದಲ ಟಿವಿ ಗೇಮ್ ನೋಡಿದ್ದು ಅಲ್ಲಿಯೇ, ವರ್ಗವಾಗಿ ಬಂದ ಒಂದು ಮನೆಯಲ್ಲಿ. ಆಗ ನಮ್ಮ ದೇಶದಲ್ಲಿ ಸಮುರಾಯ್, ಮೀಡಿಯಾ, ಲಿಟಲ್ ಮಾಸ್ಟರ್ ಎಂಬ ಹೆಸರಿನ ಪೆಟ್ಟಿಗೆಗಳು ಸಿಗುತ್ತಿದ್ದವು. ಅವುಗಳ ಮೂಲ ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ತಂದ ಫ್ಯಾಮಿಕಾಮ್. ನಮ್ಮ ಕಡೆ ಬಂದದ್ದು ಹೆಚ್ಚಾಗಿ ಅದರ ನಕಲುಗಳೇ. ಆ ಮನೆಯಲ್ಲಿ ಬಂದೂಕೂ ಇತ್ತು. ಹುಲ್ಲಿನೊಳಗಿಂದ ಬಾತುಕೋಳಿ ಹಾರುತ್ತದೆ, ನೀವು ಹೊಡೆಯಬೇಕು. ತಪ್ಪಿದರೆ ನಾಯಿಯೊಂದು ಎದ್ದು ನಿಂತು ಕಿಸಕ್ಕನೆ ನಗುತ್ತದೆ. 'ಡಕ್ ಹಂಟ್' ಎಂಬ ಆ ಆಟ ಜಪಾನಿನಲ್ಲಿ ಬಂದದ್ದು 1984ರಲ್ಲಿ. ಕಿಟಕಿಯ ಹೊರಗೆ ಹತ್ತು ಮಕ್ಕಳು, ಒಳಗೆ ಹತ್ತು ಮಕ್ಕಳು. ಸರದಿ ಬರುವಷ್ಟರಲ್ಲಿ ಕರೆಂಟ್ ಹೋಗುತ್ತಿತ್ತು. ಆ ಸಂಸಾರಕ್ಕೆ ಮತ್ತೆ ವರ್ಗವಾಯಿತು. ಪೆಟ್ಟಿಗೆಯೂ ಬಂದೂಕೂ ಲಾರಿ ಹತ್ತಿದವು.

ಈ ಬಂದೂಕಿನ ಹುಟ್ಟೂ ಮಜವಾಗಿದೆ. ನಿಂಟೆಂಡೊ 1889ರಲ್ಲಿ ಕೈಯಿಂದ ಮಾಡಿದ ಇಸ್ಪೀಟಿನಂಥ ಎಲೆಗಳನ್ನು ಮಾರುತ್ತ ಶುರುವಾದ ಅಂಗಡಿ. ಶಾರ್ಪ್ ಕಂಪನಿಯಲ್ಲಿದ್ದ ಮಸಾಯುಕಿ ಉಎಮುರಾ ಎಂಬ ಎಂಜಿನಿಯರ್ ಬೆಳಕಿಗೆ ಸ್ಪಂದಿಸುವ ಸೌರಕೋಶಗಳನ್ನು ಮಾರಲು ಅಲ್ಲಿಗೆ ಹೋಗುತ್ತಿದ್ದರು. ನಿಂಟೆಂಡೊದ ಗುನ್‌ಪೆ ಯೊಕೊಯಿ ಅದರಿಂದ ಒಂದು ಆಟಿಗೆ ಮಾಡೋಣವೆಂದರು. 1970ರಲ್ಲಿ ಬೆಳಕಿನ ಬಂದೂಕು ಬಂತು. ಕುದುರೆ ಎಳೆದರೆ ಬಂದೂಕಿನಿಂದ ಬೆಳಕು ಹೊರಡುತ್ತಿತ್ತು, ಗುರಿಯಲ್ಲಿದ್ದ ಸೌರಕೋಶ ಅದನ್ನು ಹಿಡಿಯುತ್ತಿತ್ತು. ಮುಂದೆ ಉಎಮುರಾ ನಿಂಟೆಂಡೊವನ್ನೇ ಸೇರಿ ಫ್ಯಾಮಿಕಾಮ್ ಪೆಟ್ಟಿಗೆ ರೂಪಿಸಿದರು.

ಟಿವಿಯ ಬಂದೂಕು ಇದರ ತದ್ವಿರುದ್ಧ. ಅದರಿಂದ ಏನೂ ಹೊರಡುವುದಿಲ್ಲ. ನಳಿಗೆಯ ಆಳದಲ್ಲಿರುವುದು ಒಂದು ಕಣ್ಣು. ನೀವು ಕುದುರೆ ಎಳೆದ ಕೂಡಲೆ ಟಿವಿಯ ಪರದೆ ಒಂದು ಕ್ಷಣ ಪೂರ್ತಿ ಕಪ್ಪಾಗುತ್ತದೆ. ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿಯ ಚೌಕವೊಂದು ಹೊಳೆಯುತ್ತದೆ. ಈ ಕ್ಷಣವೆಂದರೆ ಸೆಕೆಂಡಿನ 50ನೆಯ ಅಥವಾ 60ನೆಯ ಭಾಗ. ನಮಗೆ ಕಾಣುವುದು ಒಂದು ಮಿಣುಕು ಅಷ್ಟೇ. ಬಂದೂಕಿನ ಕಣ್ಣು ಮೊದಲು ಕತ್ತಲು, ಆಮೇಲೆ ಬೆಳಕು ಕಂಡರೆ ಗುರಿ ಸರಿ. ಎರಡು ಬಾತುಕೋಳಿ ಇದ್ದರೆ ಒಂದರ ನಂತರ ಒಂದು ಚೌಕ. ಯಾವ ಕ್ಷಣಕ್ಕೆ ಬೆಳಕು ಕಂಡಿತೋ ಆ ಹಕ್ಕಿ ಬಿತ್ತು. ಮೊದಲು ಕತ್ತಲು ಕಾಣಲೇಬೇಕಾದ್ದರಿಂದ ಬಲ್ಬಿನ ಕಡೆ ತಿರುಗಿಸಿ ಮೋಸ ಮಾಡಲೂ ಆಗುವುದಿಲ್ಲ.

ಈ ಲೆಕ್ಕವೆಲ್ಲ ನಡೆಯುವುದು ಹಳೆಯ ಡಬ್ಬಾ ಟಿವಿಯಲ್ಲಿ ಮಾತ್ರ. ನನ್ನ ಮಗಳು ಆರನೇ ತರಗತಿ, ಕೇಳಿದ್ದನ್ನು ನಂಬುವವಳಲ್ಲ. ಗೋಡೆಯ ಮೇಲಿನ ತೆಳ್ಳನೆಯ ಟಿವಿಗೇ ಹಚ್ಚಿದಳು. ನಾಯಿ ಓಡಿತು, ಬಾತುಕೋಳಿ ಹಾರಿತು, ಇವಳು ಹೊಡೆದದ್ದೇ ಹೊಡೆದದ್ದು. ಪರದೆಗೆ ನಳಿಗೆ ಅಂಟಿಸಿ ಹೊಡೆದರೂ ನಾಯಿಯ ನಗು ತಪ್ಪಲಿಲ್ಲ. ಡಬ್ಬಾ ಟಿವಿಗೆ ಸಿಗ್ನಲ್ ಬಂದಂತೆಯೇ ಪರದೆ ಬೆಳಗುತ್ತದೆ. ಗೆರೆಯ ಕೆಳಗೆ ಗೆರೆ ಎಳೆದು ಚಿತ್ರ ಮೂಡಿಸುತ್ತದೆ. ಹೊಸ ಟಿವಿ ಚಿತ್ರವನ್ನು ಒಳಗೆ ತಿದ್ದಿ ತೀಡಿ ತುಸು ತಡವಾಗಿ ತೋರಿಸುತ್ತದೆ. ಅಷ್ಟರಲ್ಲಿ ಪೆಟ್ಟಿಗೆ "ಬೆಳಕು ಕಾಣಲಿಲ್ಲ" ಎಂದು ತೀರ್ಮಾನಿಸಿಬಿಟ್ಟಿರುತ್ತದೆ.

ನಮ್ಮ ಮನೆಯಲ್ಲಿ ಡಬ್ಬಾ ಟಿವಿ ಇಲ್ಲದಿರಲಿಲ್ಲ. ಅವ್ವನ ಕೋಣೆಯಲ್ಲಿ 21 ಇಂಚಿನದೊಂದು ಇತ್ತು, ಕಸೂತಿ ಬಟ್ಟೆ ಹೊದ್ದು ಕೂತಿತ್ತು. ಅಪ್ಪ ಕೊಂಡದ್ದು. ಅಪ್ಪ ಸುದ್ದಿ ನೋಡುತ್ತಿದ್ದುದು ಅದರಲ್ಲಿಯೇ. ಅವರು ಹೋದ ಮೇಲೆ ಯಾರೂ ಹಚ್ಚಿರಲಿಲ್ಲ. ಗುಜರಿಯವ ಎರಡು ಸಲ ಬಂದು ಕೇಳಿದ್ದ, ಅವ್ವ ಎರಡು ಸಲವೂ ಕಳಿಸಿದ್ದಳು. ಆಂಟೆನಾಕ್ಕೆ ಬರುತ್ತಿದ್ದ ಹಳೆಯ ಪ್ರಸಾರವೂ ನಿಂತಿದೆ. ಅಂದರೆ ಅದು ಅಪ್ಪನ ನೆನಪಿನ ಹೊರತು ಬೇರೆ ಯಾವುದಕ್ಕೂ ಇರಲಿಲ್ಲ.

ಅವ್ವನ ಅಪ್ಪಣೆ ಕೇಳಿ ಹಚ್ಚಿದೆ. ಕಪ್ಪು ಪರದೆಯ ನಡುವೆ ಅಡ್ಡಕ್ಕೆ ಒಂದೇ ಒಂದು ಬಿಳಿಯ ಗೆರೆ. ಚಿತ್ರವೆಲ್ಲ ಒಂದು ದಾರದಲ್ಲಿ ಮಡಚಿಕೊಂಡು ಕೂತಂತೆ. ಧ್ವನಿ ಇತ್ತು, ಬಾತುಕೋಳಿ ಕೂಗುತ್ತಿತ್ತು, ಕಾಣುತ್ತಿರಲಿಲ್ಲ.

ಹುಣಸಗಿಯಲ್ಲಿ ಒಬ್ಬ ಚಾಚಾ ಇದ್ದಾರೆ. ಹಿಂದೆ ಟಿವಿ ರಿಪೇರಿಗೆ ಸುತ್ತ ಹತ್ತೂರಿಗೆ ಅವರೇ ಗತಿ. ಈಗ ಮಿಕ್ಸರು, ಫ್ಯಾನು ನೋಡುತ್ತಾರೆ. ಬಂದವರೇ ಗೆರೆ ನೋಡಿ, "ಇದು ವರ್ಟಿಕಲ್ ಹೋಗ್ಯಾದ. ಟ್ಯೂಬ್ ಛಲೋ ಅದ" ಎಂದರು. ಆಮೇಲೆ ಅವ್ವನ ಕಡೆ ತಿರುಗಿ, "ಬಿಚ್ಚಿದ್ರ ಸುಧಾರಿಸಬಹುದು ಅಮ್ಮ, ಪೂರಾ ಹೋಗಲೂಬಹುದು. ಹಳೇ ಬೋರ್ಡು, ಒಂದು ಕಡೆ ಕೈ ಹಚ್ಚಿದ್ರ ಇನ್ನೊಂದು ಕಡೆ ಬಿಡತದ. ಇದರ ಸಾಮಾನು ಈಗ ತಯಾರಾಗೋದಿಲ್ಲ" ಎಂದು ಇದ್ದದ್ದನ್ನು ಇದ್ದಂತೆ ಹೇಳಿದರು.

250 ರೂಪಾಯಿಯ ಪ್ಲಾಸ್ಟಿಕ್ ಬಂದೂಕೊಂದು ನಮ್ಮ ಮನೆಯ ನಡುವೆ ಇಂಥ ಪ್ರಶ್ನೆ ತಂದಿಟ್ಟಿತ್ತು. ಬಿಚ್ಚದಿದ್ದರೆ ಅಪ್ಪನ ಟಿವಿ ಕಸೂತಿಯ ಕೆಳಗೆ ಹಾಗೆಯೇ ಇರುತ್ತದೆ, ಒಂದು ಬಿಳಿ ಗೆರೆಯೊಂದಿಗೆ. ಬಿಚ್ಚಿದರೆ ಆ ಗೆರೆಯೂ ಹೋಗಬಹುದು. ನಾನು ಬಾಯಿ ಬಿಡಲಿಲ್ಲ. ಅದು ನನ್ನ ಸಂಗ್ರಹದ ಸಾಮಾನಾಗಿರಲಿಲ್ಲ.

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು ಬೇರೆಯದೇ ಮಾತು ತೆಗೆದಳು. 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದಿಂದ ಎರವಲು ಪಡೆದ ಉಪಗ್ರಹದ ಮೂಲಕ, ನಮ್ಮ ದೇಶದ ಆರು ರಾಜ್ಯಗಳ 2400 ಹಳ್ಳಿಗಳಿಗೆ ಟಿವಿ ತೋರಿಸಿದ್ದರು. 'ಸೈಟ್' ಎಂದು ಅದರ ಹೆಸರು. ಕರ್ನಾಟಕದಲ್ಲಿ ಅದು ಸಿಕ್ಕದ್ದು ಆಗಿನ ಗುಲ್ಬರ್ಗಾ, ಬಿಜಾಪುರ, ರಾಯಚೂರು ಜಿಲ್ಲೆಗಳಿಗೆ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾಗುವ ಆರು ವರ್ಷ ಮೊದಲೇ ನಮ್ಮ ಭಾಗದ ಹಳ್ಳಿಗಳು ಟಿವಿ ಕಂಡಿದ್ದವು. ಅವ್ವನ ತವರಿನ ಹತ್ತಿರದ ಒಂದು ಹಳ್ಳಿಯಲ್ಲೂ ಇತ್ತಂತೆ. ಹುಡುಗಿಯರೆಲ್ಲ ಸಂಜೆ ನಡೆದುಕೊಂಡು ಹೋಗಿ ಚಾಪೆ ಹಾಸಿ ಕೂರುತ್ತಿದ್ದರು. ಒಂದು ದಿನ ಅದು ನಿಂತಿತು.

"ಮುಂದ ಅದನ್ನ ಒಂದು ಕೋಣ್ಯಾಗ ಇಟ್ಟು ಕೀಲಿ ಹಾಕಿದ್ರು. ನೋಡಲಿಕ್ಕಂತ ಮಾಡಿದ ವಸ್ತು, ಕತ್ತಲಾಗ ಕೂತಿತ್ತು" ಎಂದಳು ಅವ್ವ. ಆಮೇಲೆ ಕಸೂತಿ ಬಟ್ಟೆಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಹೇಳಿದಳು, "ಬಿಚ್ಚಪ್ಪ."

ಚಾಚಾ ಮಕ್ಕಳನ್ನು ಬಾಗಿಲ ಬಳಿಯೇ ನಿಲ್ಲಿಸಿದರು. ಡಬ್ಬಾ ಟಿವಿಯ ಗಾಜಿನ ಕೊಳವೆಗೆ 20 ಸಾವಿರ ವೋಲ್ಟಿಗೂ ಹೆಚ್ಚು ಒತ್ತಡ ಹೋಗುತ್ತದೆ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ವಿದ್ಯುತ್ತು ಉಳಿದಿರುತ್ತದೆ. ಅದನ್ನು ಇಳಿಸುವ ವಿದ್ಯೆ ಬಲ್ಲವರ ಹೊರತು ಯಾರೂ ಮುಚ್ಚಳ ತೆಗೆಯಬಾರದು. ಇದನ್ನು ಓದುವ ಮಕ್ಕಳಿಗೂ ಅದೇ ಮಾತು. ಚಾಚಾ ಹಿತ್ತಾಳೆಯ ಕುಂಚದಿಂದ ಧೂಳು ಝಾಡಿಸಿದರು. ಬಿರುಕು ಬಿಟ್ಟ ಬೆಸುಗೆಗಳನ್ನು ಮತ್ತೆ ಬೆಸೆದರು. ತಮ್ಮ ಡಬ್ಬಿಯಲ್ಲಿದ್ದ, ಸತ್ತ ಟಿವಿಯೊಂದರಿಂದ ಕಿತ್ತ ಐಸಿಯನ್ನು ಕೂಡಿಸಿದರು. ಒಂದೂವರೆ ತಾಸು ಹಿಡಿಯಿತು. ಪ್ಲಗ್ ಹಾಕಿದಾಗ ಬಿಳಿ ಗೆರೆ ಒಂದು ಸಲ ನಡುಗಿತು, ಮೇಲಕ್ಕೂ ಕೆಳಕ್ಕೂ ಬಿಚ್ಚಿಕೊಂಡಿತು. ನೀಲಿ ಆಕಾಶ, ಹಸಿರು ಹುಲ್ಲು, ನಾಯಿ.

ಮಗಳು ಮೊದಲ ಏಟಿಗೇ ಹಕ್ಕಿ ಕೆಡವಿದಳು. ಅವ್ವನ ಮುಖ ಸಣ್ಣದಾಯಿತು. "ಪಾಪದ ಹಕ್ಕಿ ಯಾಕ ಹೊಡೀತೀ?" ಸುರಪುರ ತಾಲ್ಲೂಕಿನ ಬೋನಾಳ ಕೆರೆಗೆ ಚಳಿಗಾಲದಲ್ಲಿ ಬರುವ ಹಕ್ಕಿಗಳನ್ನು ನೋಡಲು ನಾವು ಮನೆಮಂದಿ ಹೋಗಿದ್ದೆವು. ಪಕ್ಷಿಧಾಮದಲ್ಲಿ ಜೋರಾಗಿ ಮಾತಾಡಬಾರದೆಂದು ಮೊಮ್ಮಗಳ ಬಾಯಿ ಮುಚ್ಚಿದವಳು ಅವ್ವನೇ. ಅವಳ ಪ್ರಶ್ನೆಗೆ ಉತ್ತರ ಆಟದೊಳಗೇ ಇದೆ. ಡಕ್ ಹಂಟ್‌ನ ಒಂಟಿ ಹಕ್ಕಿಯ ಆಟದಲ್ಲಿ, ಒಬ್ಬರು ಬಂದೂಕು ಹಿಡಿದಿರುವಾಗ ಇನ್ನೊಬ್ಬರು ಕೈಗುಂಡಿಯ ಹಿಡಿಕೆಯಿಂದ ಬಾತುಕೋಳಿಯನ್ನೇ ಹಾರಿಸಬಹುದು. ಹೊಡೆಯುವವರಿಗೆ ಒಂದು ಹಕ್ಕಿಗೆ ಮೂರೇ ಏಟು. ಮೂರೂ ತಪ್ಪಿದರೆ ಹಕ್ಕಿ ಆಕಾಶಕ್ಕೆ ಹೋಯಿತು, ಗೆದ್ದಿತು.

ಹಿಡಿಕೆಯನ್ನು ಅವ್ವನ ಕೈಗೆ ಕೊಟ್ಟೆ. ಎಪ್ಪತ್ತು ದಾಟಿದ ಹೆಬ್ಬೆರಳಿಗೆ ಗುಂಡಿ ಸಿಗಲು ಸ್ವಲ್ಪ ಹೊತ್ತು ಬೇಕಾಯಿತು. ಮೊದಲ ನಾಲ್ಕು ಹಕ್ಕಿ ಬಿದ್ದವು. ಐದನೆಯದನ್ನು ಅವ್ವ ಮೂಲೆಯಿಂದ ಮೂಲೆಗೆ ಓಡಾಡಿಸಿದಳು. ಮಗಳ ಮೂರೂ ಏಟು ಖಾಲಿ. ಹಕ್ಕಿ ಪರದೆ ದಾಟಿ ಹೋಯಿತು, ನಾಯಿ ನಕ್ಕಿತು, ನಾಯಿಗಿಂತ ಜೋರಾಗಿ ಅವ್ವ ನಕ್ಕಳು. ಬಾಗಿಲಲ್ಲಿ ಚಹಾ ಕುಡಿಯುತ್ತಿದ್ದ ಚಾಚಾ ಕಪ್ಪು ಕೆಳಗಿಟ್ಟು "ವ್ಹಾ!" ಎಂದರು.

ಈ ಟಿವಿ ಎಷ್ಟು ದಿನ ಇರುತ್ತದೆಂದು ಚಾಚಾ ಮಾತು ಕೊಟ್ಟಿಲ್ಲ. ಟ್ಯೂಬಿಗೂ ಆಯುಷ್ಯವಿದೆ, ರಿಪೇರಿ ಮಾಡುವ ಕೈಗೂ ಆಯುಷ್ಯವಿದೆ. ಬಂದೂಕು ಕೊಂಡಾಗ ನನ್ನದಾದದ್ದು ಬರೀ ಬಂದೂಕು. ಅದು ಕಣ್ಣು ಬಿಟ್ಟಿರುವುದು ಅವ್ವನ ಒಪ್ಪಿಗೆಯಿಂದ, ಅಪ್ಪ ಕೊಂಡ ಟಿವಿಯಿಂದ, ಚಾಚಾರ ಡಬ್ಬಿಯ ಐಸಿಯಿಂದ. ಇವೆಲ್ಲ ಸಂತೆಯಲ್ಲಿ ಸಿಗುವುದಿಲ್ಲ. ಅದಕ್ಕೇ ಈಗ ವಾರಕ್ಕೆ ಎರಡು ದಿನ, ಅರ್ಧ ತಾಸು ಮಾತ್ರ ಟಿವಿ ಹಚ್ಚುತ್ತೇವೆ. ಮಗಳು ಚಾಚಾರನ್ನು ಕೇಳಿ ಐಸಿಯ ನಂಬರು, ಯಾವ ವೈರು ಎಲ್ಲಿಗೆ, ಪ್ಲಗ್ಗಿನ ಪಿನ್ನು ಎಷ್ಟು ಎಂದು ಹಾಳೆಯಲ್ಲಿ ಬರೆದು ಕಪಾಟಿನ ಬಾಗಿಲಿಗೆ ಅಂಟಿಸಿದ್ದಾಳೆ. ಅದರ ಕೊನೆಯ ಸಾಲು ಅವ್ವ ಹೇಳಿ ಬರೆಸಿದ್ದು: "ಹಕ್ಕಿ ಆಗುವ ಸರದಿ: ಶನಿವಾರ ಅಜ್ಜಿಯದು, ಭಾನುವಾರವೂ ಅಜ್ಜಿಯದು."