ಫಿಯೆಟ್ಟಮ್ಮ ಊರಿಗೆ ಹೊರಟಾಗ

ನಾನು ಬಿ.ಎ.ಯಲ್ಲಿ ಇಂಗ್ಲಿಷ್ ಐಚ್ಛಿಕ ತೆಗೆದುಕೊಂಡಾಗ ನಮ್ಮಪ್ಪ, "ಇದರಿಂದ ಏನು ಉಪಯೋಗವಮ್ಮಾ?" ಎಂದು ಕೇಳಿದ್ದರು. ಆಗ ಉತ್ತರ ಹೊಳೆದಿರಲಿಲ್ಲ. ಈಗ ಹೇಳಬಲ್ಲೆ. ಹಳೆಯ ಫಿಯೆಟ್ ಕಾರಿನ ವರ್ಕ್‌ಶಾಪ್ ಮ್ಯಾನ್ಯುಯಲ್ ಓದುವುದಕ್ಕೆ. ನಗಬೇಡಿ. ಷೇಕ್ಸ್‌ಪಿಯರನ ನಾಟಕಗಳಲ್ಲಿ ನನಗೆ ಈಗ ನೆನಪಿರುವುದು ಅಷ್ಟಕ್ಕಷ್ಟೆ. ಆದರೆ ಆ ಪುಸ್ತಕದಲ್ಲಿದ್ದ ಸ್ಪಾರ್ಕ್ ಪ್ಲಗ್ಗುಗಳ ಕ್ರಮ, ಒಂದು-ಮೂರು-ನಾಲ್ಕು-ಎರಡು, ಮಂತ್ರದ ಹಾಗೆ ಬಾಯಿಗೆ ಬರುತ್ತದೆ.

ಕಾರು ನಮ್ಮ ಮಾವನವರದು. ಅವರು ತೀರ್ಥಹಳ್ಳಿಯಲ್ಲಿ ಡಾಕ್ಟರಾಗಿದ್ದರು. ಆ ಕಾಲದಲ್ಲಿ ದುಡ್ಡಿದ್ದರೂ ಕಾರು ಸಿಗುತ್ತಿರಲಿಲ್ಲವಷ್ಟೆ. ಹೆಸರು ಬರೆಸಿ, ವರ್ಷಗಟ್ಟಲೆ ಕಾದು, 1971ರಲ್ಲಿ ಬೂದುಬಣ್ಣದ ಫಿಯೆಟ್ 1100 ಮನೆಗೆ ಬಂತು. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿಯವರು ತಯಾರಿಸುತ್ತಿದ್ದ ಕಾರು. ನಮ್ಮ ರಾಜ್ಯ ಇನ್ನೂ ಮೈಸೂರು ರಾಜ್ಯವಾಗಿದ್ದ ದಿನಗಳು, ಆದ್ದರಿಂದ ಅದರ ನಂಬರು 'ಎಂ.ವೈ.' ಎಂದು ಶುರುವಾಗುತ್ತಿತ್ತು. ಮಳೆಗಾಲದ ರಾತ್ರಿಗಳಲ್ಲಿ ಆ ಕಾರಿನ ಹಿಂದಿನ ಸೀಟಿನಲ್ಲಿ ಎರಡು ಹೆರಿಗೆಗಳಾಗಿವೆಯಂತೆ. ಅದರಲ್ಲೊಬ್ಬ ಈಗ ಅಲ್ಲಿಯೇ ದಿನಸಿ ಅಂಗಡಿ ಇಟ್ಟಿದ್ದಾನೆ, ಇಂದಿಗೂ ನಮ್ಮ ಮನೆಯವರಿಂದ ಬೆಲ್ಲಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ಮಾವನವರ ಕಣ್ಣು ಮಂಜಾಗತೊಡಗಿದ ಮೇಲೆ, 1996ರಲ್ಲಿ, ಕಾರನ್ನು ಮಗನಿಗೆ ಕೊಟ್ಟರು. ಅದು ಲಾರಿಯ ಮೇಲೆ ನೋಯ್ಡಾಕ್ಕೆ ಬಂತು. ಬರುವಾಗ ಒಂದು ಬಾಗಿಲು ಜಜ್ಜಿಹೋಗಿತ್ತು. ಉತ್ತರ ಪ್ರದೇಶದ ಹೊಸ ನಂಬರು ಬಂದ ದಿನ ಹಳೆಯ ತಗಡಿನ ಪ್ಲೇಟನ್ನು ನಾನು ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ.

ನಮ್ಮ ಯಜಮಾನರಿಗೆ ಭಾನುವಾರವೆಂದರೆ ಫಿಯೆಟ್. ದೆಹಲಿಯಲ್ಲಿ ಸ್ಟೇಟ್ಸ್‌ಮನ್ ಪತ್ರಿಕೆಯವರು 1964ರಲ್ಲಿ ಆರಂಭಿಸಿದ ಹಳೆಯ ಕಾರುಗಳ ರ‍್ಯಾಲಿಗೆ ಮಕ್ಕಳನ್ನೂ ಎಳೆದುಕೊಂಡು ಹೋಗುತ್ತಿದ್ದರು. ಅಲ್ಲಿ ಮಹಾರಾಜರ ರೋಲ್ಸ್‌ರಾಯ್ಸುಗಳ ಮುಂದೆ ನಮ್ಮದು ಮದುವೆಮನೆಗೆ ಬಂದ ಬಡನೆಂಟರ ಹಾಗೆ. ಆದರೆ ಒಂದು ಅನುಕೂಲವಿತ್ತು. ಮುಂಬಯಿಯ ಟ್ಯಾಕ್ಸಿಗಳೆಲ್ಲ ಇದೇ ವಂಶದ ಪದ್ಮಿನಿಗಳಾದ್ದರಿಂದ ಬಿಡಿಭಾಗಗಳಿಗೆ ಬರವಿರಲಿಲ್ಲ. ಕಶ್ಮೀರಿ ಗೇಟಿನ ಅಂಗಡಿ ಸಾಲಿನಲ್ಲಿ ಸಿಗದಿದ್ದರೆ ಮಾಯಾಪುರಿಯ ಗುಜರಿಯಲ್ಲಿ ಖಂಡಿತ. ಆ ಕೊನೆಯ ಪದ್ಮಿನಿ ಟ್ಯಾಕ್ಸಿಗೂ 2023ರ ಅಕ್ಟೋಬರಿನಲ್ಲಿ ಅವಧಿ ಮುಗಿಯಿತು. ಈಗ ಒಂದು ರಬ್ಬರ್ ಬೂಟಿಗೂ ಹತ್ತು ಫೋನು.

ನಾನು ಮೊದಮೊದಲು ಸ್ಪ್ಯಾನರ್ ಕೊಡುವ ಕೆಲಸದವಳು. ಆಮೇಲೆ ಮ್ಯಾನ್ಯುಯಲ್ ಓದಿ ಹೇಳುವವಳು. ಕ್ರಮೇಣ ಕೈಗೂ ಮಸಿ ಹತ್ತಿತು. ಡಿಸ್ಟ್ರಿಬ್ಯೂಟರಿನ ಪಾಯಿಂಟ್ ನಡುವಿನ ಸಂದು ಅಳೆಯಲು ಗೇಜು ಸಿಗದ ದಿನ ಮದುವೆ ಕರೆಯೋಲೆಯ ಅಂಚನ್ನು ತೂರಿಸಿ ನೋಡಿದ್ದು ನನ್ನ ಸ್ವಂತ ಸಂಶೋಧನೆ. ಕರೆಯೋಲೆ ಸ್ವಲ್ಪ ಸಾಧಾರಣದ್ದಾಗಿರಬೇಕು. ಈಗಿನ ಶ್ರೀಮಂತ ಕರೆಯೋಲೆಗಳು ಆಗುವುದಿಲ್ಲ, ತುಂಬಾ ದಪ್ಪ.

ಇಷ್ಟರಲ್ಲಿ ಕಾನೂನು ಬಂತು. ರಾಜಧಾನಿ ವಲಯದ ಹೊಗೆ ನಿಮಗೂ ಗೊತ್ತು, ನಮ್ಮ ಮನೆಯಲ್ಲೇ ದೀಪಾವಳಿಯಿಂದ ಸಂಕ್ರಾಂತಿವರೆಗೆ ಕೆಮ್ಮು ನಿಲ್ಲುವುದಿಲ್ಲ. ಹಾಗಾಗಿ ಹದಿನೈದು ವರ್ಷ ದಾಟಿದ ಪೆಟ್ರೋಲ್ ವಾಹನ ರಸ್ತೆಗಿಳಿಯಬಾರದೆಂದು ಹಸಿರು ನ್ಯಾಯಮಂಡಳಿ 2014-15ರಲ್ಲಿ ಹೇಳಿದ್ದು ಅನ್ಯಾಯವೆಂದು ನಾನು ವಾದಿಸಲಾರೆ. ಕಾರು ಮೂರು ವರ್ಷ ಹೊದಿಕೆಯ ಕೆಳಗೆ ಮಲಗಿತು. 2018ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿದಾಗ ಗುಜರಿಯವನೊಬ್ಬ ಗೇಟಿಗೇ ಬಂದು ಹದಿನೆಂಟು ಸಾವಿರ ಎಂದ. ಅದೇ ವರ್ಷ ನಮ್ಮವರಿಗೆ ಬೈಪಾಸ್ ಆಗಿತ್ತು. ಭಾರ ಎತ್ತಬಾರದು, ದೂರ ಡ್ರೈವ್ ಮಾಡಬಾರದು. ಮಾರಿಬಿಡೋಣವೆಂದು ಅವರೇ ಹೇಳಿದರು. ಹೇಳಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಊರಿಗೆ ಫೋನು ಮಾಡಿದರೆ ಮಾವನವರು ಒಂದೇ ಮಾತು: "ಗುಜರಿಗೆ ಮಾತ್ರ ಹಾಕ್ಬೇಡಿ ಕಣಮ್ಮಾ. ಇಲ್ಲಿಗೆ ಕಳ್ಸಿ." ಆಗ ಅವರಿಗೆ ಎಂಬತ್ತೊಂಬತ್ತು.

ಲಾರಿಯಲ್ಲಿ ಕಳಿಸಬಹುದಿತ್ತು, ಮಗ ಅದನ್ನೇ ಹೇಳಿದ. ಜಜ್ಜಿದ ಬಾಗಿಲನ್ನು ನೆಪ ಮಾಡಿಕೊಂಡು ನಾನು, "ನಾನೇ ಓಡಿಸಿಕೊಂಡು ಹೋಗುತ್ತೇನೆ" ಎಂದೆ. ಹಠವೇ ಸರಿ. ಸ್ಟಿಯರಿಂಗಿನ ಕೆಳಗೆ ಗೇರಿರುವ ಈ ಕಾರಿನಲ್ಲೇ ನಾನು ಡ್ರೈವಿಂಗ್ ಕಲಿತದ್ದು. ಆದರೆ ಆಗ್ರಾದಿಂದಾಚೆಗೆ ಎಂದೂ ಹೋದವಳಲ್ಲ. ತೀರ್ಥಹಳ್ಳಿಗೆ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು.

ಬೇರೆ ರಾಜ್ಯಕ್ಕೆ ಒಯ್ಯಲು ನಿರಾಕ್ಷೇಪಣಾ ಪತ್ರ ಬೇಕು. ಅದಕ್ಕಾಗಿ ಅಲೆದ ಕಥೆ ಬೇಡ, ಎಲ್ಲರ ಮನೆಯಲ್ಲೂ ಅಂಥದ್ದೊಂದು ಇದ್ದೇ ಇರುತ್ತದೆ. ಆ ಎರಡು ತಿಂಗಳಲ್ಲಿ ನಾವು ಕಾರನ್ನು ಎಬ್ಬಿಸಿದೆವು. ನಿಂತ ಕಾರು ಓಡಿದ ಕಾರಿಗಿಂತ ಬೇಗ ಕೆಡುತ್ತದೆ. ಬ್ರೇಕಿನ ಎಣ್ಣೆ ಗಾಳಿಯ ತೇವ ಹೀರಿ ಒಳಗಿನ ಸಿಲಿಂಡರುಗಳಿಗೆ ತುಕ್ಕು ಹಿಡಿಸಿತ್ತು. ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು, ನಾಲ್ಕಕ್ಕೂ ಹೊಸ ರಬ್ಬರ್ ಕಿಟ್. ರೇಡಿಯೇಟರನ್ನು ಬಿಚ್ಚಿ ಕೊಳವೆಗಳೊಳಗೆ ಕಡ್ಡಿ ಹಾಯಿಸಿ ಶುದ್ಧ ಮಾಡಿಸಿದೆವು. ಪೆಟ್ರೋಲ್ ಟ್ಯಾಂಕಿನಲ್ಲಿ ತುಕ್ಕಿನ ಹುಡಿ. ಅದನ್ನು ಇಳಿಸಿ, ಒಳಗೆ ಜಲ್ಲಿಚೂರು ಹಾಕಿ, ತೊಟ್ಟಿಲಿನಂತೆ ತೂಗಿ ತೂಗಿ ತೊಳೆದದ್ದು ನಾನು ಮತ್ತು ನಮ್ಮ ಮಿಸ್ತ್ರಿ. ಎಪ್ಪತ್ತು ದಾಟಿದ ಆ ಸರದಾರ್‌ಜಿ ನನ್ನನ್ನು 'ಬೇಟಿ' ಎಂದು ಕರೆದು, ನಮ್ಮವರನ್ನು ಕುರ್ಚಿಯಲ್ಲಿ ಕೂಡಿಸಿ, "ಸಾಹೇಬರೇ, ನೀವು ಬರೀ ನೋಡಿ" ಎನ್ನುತ್ತಿದ್ದರು. ಅವರು ನೋಡುತ್ತಿದ್ದರು. ಕೈ ಮಾತ್ರ ತೊಡೆಯ ಮೇಲೆ ಸ್ಪ್ಯಾನರ್ ತಿರುಗಿಸಿದಂತೆ ಆಡುತ್ತಿತ್ತು.

ಬುತ್ತಿಯ ಜತೆಗೆ ಇನ್ನೊಂದು ಬುತ್ತಿ ಕಟ್ಟಿದೆ: ಫ್ಯಾನ್‌ಬೆಲ್ಟ್, ಕಂಡೆನ್ಸರ್, ಒಂದು ಜತೆ ಪಾಯಿಂಟು, ಕಾಯಿಲ್, ಪೆಟ್ರೋಲ್ ಫಿಲ್ಟರ್ ನಾಲ್ಕು, ಎರಡು ಟ್ಯೂಬು, ಗ್ರೀಸ್ ಗನ್, ಹತ್ತು ಲೀಟರ್ ನೀರು. ಚಕ್ಕುಲಿ ಡಬ್ಬಿಯ ಮೇಲೂ ಗ್ರೀಸ್ ವಾಸನೆ.

2019ರ ಫೆಬ್ರವರಿ ಕೊನೆಗೆ, ಮಂಜು ಹೋಗಿ ಬಿಸಿಲು ಏರುವ ಮೊದಲು, ಹೊರಟೆವು. ಮುಂಚಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೆದರಿಕೆ ಕಾರಿನದಲ್ಲ, ಪಕ್ಕದಲ್ಲಿ ಕೂರುವವರದು. ಅವರ ಮಾತ್ರೆಗಳ ಪೆಟ್ಟಿಗೆಯನ್ನು ಕೈಗೆ ಸಿಗುವಂತೆ ಡ್ಯಾಷ್‌ಬೋರ್ಡಿನಲ್ಲಿಟ್ಟಿದ್ದೆ. ಯಮುನಾ ಎಕ್ಸ್‌ಪ್ರೆಸ್‌ವೇಯಲ್ಲಿ ಎಲ್ಲರೂ ನೂರರಲ್ಲಿ ಹಾರುವಾಗ ನಾವು ಎಡಕ್ಕೆ ಅಂಟಿಕೊಂಡು ಅರವತ್ತರಲ್ಲಿ. ಆ ಕಾಂಕ್ರೀಟಿನ ಮೇಲೆ ಹಳೆಯ ಕಾರಿನ ಟೈರು ಕಾಯಿಸಬಾರದು. ಡೈನಮೋ ಕಾರಾದ್ದರಿಂದ ದೀಪ ಮಂಕು, ಕತ್ತಲಾಗುವ ಮೊದಲೇ ಯಾವುದಾದರೂ ಊರು ಸೇರುವುದೆಂದು ನಿಯಮ. ಗ್ವಾಲಿಯರ್, ಝಾನ್ಸಿ, ಸಾಗರ. ನಮ್ಮ ಜಿಲ್ಲೆಯ ಸಾಗರವಲ್ಲ, ಮಧ್ಯಪ್ರದೇಶದ್ದು. ಬೋರ್ಡು ನೋಡಿ ಇಬ್ಬರೂ ಸುಮ್ಮನೆ ನಕ್ಕೆವು. ಬರ್ಮಾನಿನಲ್ಲಿ ನರ್ಮದೆ ದಾಟುವಾಗ ನಾಣ್ಯ ಹಾಕಿ ಕೈಮುಗಿದೆ.

ನಾಗಪುರ ದಾಟಿ ಆದಿಲಾಬಾದಿನ ದಾರಿಯಲ್ಲಿ, ಮಧ್ಯಾಹ್ನ ಎರಡಕ್ಕೆ, ಕಾರು ಕೆಮ್ಮಿ ನಿಂತಿತು. ನಮ್ಮವರು ಕಂಡೆನ್ಸರ್ ಹೋಗಿದೆ ಎಂದರು. ನಾನು ಪೆಟ್ರೋಲ್ ಎಂದೆ. ವಾದ ನಡೆಯಿತು, ಹೆದ್ದಾರಿಯ ಬದಿಯಲ್ಲಿ ಗಂಡ ಹೆಂಡತಿ ಬಾನೆಟ್ ಎತ್ತಿಕೊಂಡು ಜಗಳವಾಡುವುದನ್ನು ಲಾರಿಯವರು ನೋಡುತ್ತ ಹೋದರು. ಅವರ ಮುಖ ಕೆಂಪಾದದ್ದು ಕಂಡು ನಾನು ಬಾಯಿ ಮುಚ್ಚಿದೆ. ಮರದ ನೆರಳಿಗೆ ಕಳಿಸಿ, ಪಾರದರ್ಶಕ ಫಿಲ್ಟರ್ ನೋಡಿದರೆ ಒಳಗೆ ಹನಿಯಿಲ್ಲ. ಇಂಜಿನ್ನಿನ ಪಕ್ಕದಲ್ಲೇ ಇರುವ ಪೆಟ್ರೋಲ್ ಪಂಪು ಕಾದು, ಪೆಟ್ರೋಲ್ ಆವಿಯಾಗಿ, ಆವಿಯೇ ದಾರಿ ಕಟ್ಟಿತ್ತು. ಅವರ ಬೈರಾಸವನ್ನು ನೀರಿನಲ್ಲಿ ಅದ್ದಿ ಪಂಪಿಗೆ ಸುತ್ತಿದೆ, ಜ್ವರ ಬಂದ ಮಗುವಿಗೆ ತಣ್ಣೀರು ಪಟ್ಟಿ ಹಾಕಿದ ಹಾಗೆ. ಅರ್ಧ ಗಂಟೆ, ಎರಡು ಚಕ್ಕುಲಿ. ಚಾವಿ ತಿರುಗಿಸಿದರೆ ಹಿಡಿದುಕೊಂಡಿತು. ನೆರಳಿನಿಂದ ಎದ್ದು ಬಂದವರು, "ಕಂಡೆನ್ಸರೂ ಹಳೇದೇ, ಬದಲಾಯಿಸಬಹುದಿತ್ತು" ಎಂದು ಕೂತರು. ಇಪ್ಪತ್ತು ಮೈಲಿ ಹೋದಮೇಲೆ, ಕಿಟಕಿಯ ಕಡೆ ನೋಡುತ್ತ, "ನೀನು ಹೇಳಿದ್ದೇ ಸರಿ" ಎಂದರು. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷಕ್ಕೆ ಇದು ಎಷ್ಟನೇ ಸಲವೆಂದು ನಾನು ಇಲ್ಲಿ ಬರೆಯುವುದಿಲ್ಲ.

ಕರ್ನೂಲಿನಿಂದ ಬಳ್ಳಾರಿಗೆ ತಿರುಗಿ ಕನ್ನಡದ ಬೋರ್ಡುಗಳು ಕಂಡಾಗ ಗಂಟಲು ಕಟ್ಟಿತು. ಚಿತ್ರದುರ್ಗ, ಶಿವಮೊಗ್ಗ, ಮಂಡಗದ್ದೆ, ಪಕ್ಕದಲ್ಲಿ ತುಂಗೆ. ಏಳನೆಯ ದಿನ ಸಂಜೆ ಅಂಗಳಕ್ಕೆ ಬಂದಾಗ ಮಾವನವರು ಜಗಲಿಯಲ್ಲಿದ್ದರು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ, ಶಬ್ದ ಕೇಳಿ ಎದ್ದು ನಿಂತಿದ್ದರು. ಮೈದುನ ಕೈಹಿಡಿದು ಕರೆತಂದ. ಬಾಗಿಲು ತಡವಿ, ಡ್ರೈವರ್ ಸೀಟಿನಲ್ಲಿ ಕೂತು, ಕ್ಲಚ್ ಒತ್ತಿ, ಗೇರನ್ನು ಒಂದೊಂದಾಗಿ ಹಾಕಿ ನೋಡಿದರು. "ಸೆಕೆಂಡು ಸ್ವಲ್ಪ ಸಡಿಲವಾಗಿದೆ. ಯಾರು ಓಡಿಸಿದ್ದು?" ಎಂದರು.

"ನಾನು ಮಾವಾ."

"ಹಾಗಾದ್ರೆ ಕಾಫಿ ಕುಡಿ, ಆಮೇಲೆ ನನ್ನ ಆಸ್ಪತ್ರೆ ತನಕ ಒಂದು ಸುತ್ತು ಕರ್ಕೊಂಡ್ಹೋಗು."

ಹೋದೆವು. 2021ರಲ್ಲಿ ಅವರು ತೀರಿಕೊಂಡರು. ಅದೇ ವರ್ಷ ಐವತ್ತು ದಾಟಿದ ಕಾರುಗಳಿಗೆ ವಿಂಟೇಜ್ ನೋಂದಣಿಯ ನಿಯಮ ಬಂತು, ಎರಡು ವರ್ಷ ಕಾದಿದ್ದರೆ ಕಾರು ನೋಯ್ಡಾದಲ್ಲೇ ಉಳಿಯುತ್ತಿತ್ತೇನೋ. ಆದರೆ ಹಾಗೆ ನೋಂದಾಯಿಸಿದ್ದನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ ಬಿಟ್ಟರೆ ದಿನನಿತ್ಯ ಓಡಿಸುವಂತಿಲ್ಲ. ಊರಲ್ಲಿ ಮೈದುನ ಅದನ್ನು ವಾರಕ್ಕೊಮ್ಮೆ ಸಂತೆಗೆ ಒಯ್ಯುತ್ತಾನೆ. ಹಳೆಯ ಎಂ.ವೈ. ಪ್ಲೇಟು ಜಗಲಿಯ ಗೋಡೆಯಲ್ಲಿದೆ.

ಈಗಿನ ಚಿಂತೆ ಪೆಟ್ರೋಲಿನದು. ಶೇಕಡ 20 ಎಥನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರನ್ನು ತಿನ್ನುತ್ತದೆ, ಹೋದ ಸಲ ಊರಿಗೆ ಹೋದಾಗ ಪಂಪಿನ ಡಯಾಫ್ರಮ್ ಮೆತ್ತಗಾಗಿತ್ತು. ಪೈಪುಗಳನ್ನು ಬದಲಾಯಿಸಿದೆವು, ಡಯಾಫ್ರಮ್ ಸಿಕ್ಕಿಲ್ಲ. ನಮ್ಮ ಸಂಘದ ಬಂಧುಗಳಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಹಳೆಯ ಫಿಯೆಟ್ಟಿನ ಸಾಮಾನಿದ್ದರೆ ದಯವಿಟ್ಟು ಎಸೆಯಬೇಡಿ. ಮುಂದಿನ ತಿಂಗಳ ಸಭೆಗೆ ತನ್ನಿ, ನಾನು ಚಕ್ಕುಲಿ ತರುತ್ತೇನೆ.